ಲಿಪಿ ಬಲ್ಲ ಸಂಶೋಧಕ

ಕರ್ನಾಟಕದ ಇತಿಹಾಸವನ್ನು ಕುರಿತು ಪಿಎಚ್.ಡಿ. ಪದವಿಗೆ ನೋಂದಾಯಿಸಿಕೊಳ್ಳುವ ವಿದ್ಯಾರ್ಥಿಗೆ ವಿಷಯದ ಆಯ್ಕೆಯೇ ಮೊದಲ ಚಿಂತೆಯಾಗಿರುತ್ತದೆಯಾದರೂ, ಆ ವಿಷಯದ ಆಳಕ್ಕೆ ಇಳಿಯುವುದು ಸಾಧ್ಯವೇ ಎಂಬುದನ್ನು ನಿರ್ಧರಿಸುವುದು ಅವರಿಗೆ ಓದಲು ಬರುವ ಲಿಪಿಗಳು. ಮೂಲ ಆಕರಗಳು, ಅಂದರೆ ಆಯಾ ಕಾಲದಲ್ಲೇ ಹುಟ್ಟಿದ ದಾಖಲೆಗಳು, ಈ ನಾಡಿನಲ್ಲಿ ಒಂದೇ ಬಗೆಯಲ್ಲಿ ಉಳಿದುಬಂದಿಲ್ಲ.

ಶಾಸನಗಳ ಮಟ್ಟಿಗೆ ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ದೊಡ್ಡ ಆಸರೆಯಾಗಿವೆ. ಆದರೆ ಅಚ್ಚಾದ ಪಾಠವನ್ನೇ ಕೊನೆಯ ಮಾತೆಂದು ನಂಬುವಂತಿಲ್ಲ. ಸವೆದ ಅಕ್ಷರವೊಂದನ್ನು ಬೇರೆ ಬಗೆಯಲ್ಲಿ ಓದಿದರೆ ದಾನಿಯ ಹೆಸರೋ ಭೂಮಿಯ ಅಳತೆಯೋ ಬದಲಾಗುವುದರಿಂದ, ಸಂಶೋಧಕರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಒತ್ತಿ ಮಸಿ ಹಚ್ಚಿ ತೆಗೆದ ಪಡಿಯಚ್ಚನ್ನು ಸ್ವತಃ ನೋಡಬೇಕಾಗುತ್ತದೆ. ಕೆಳದಿ, ಶೃಂಗೇರಿಗಳ ಚರಿತ್ರೆಗೆ ಇಳಿದವರ ಎದುರಿಗೆ ಕಡತಗಳು ಬರುತ್ತವೆ: ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದ ಲೆಕ್ಕಪತ್ರಗಳಿವು. ವಿಜಯಪುರದ ಆದಿಲ್‌ಶಾಹಿಗಳ ಫರ್ಮಾನುಗಳು, ಎಂದರೆ ರಾಜಾಜ್ಞೆಗಳು, ಪಾರಸಿಯನ್ನು ಬೇಡುತ್ತವೆ. ಮರಾಠರ ಆಳ್ವಿಕೆಯ ಕಾಗದಗಳು ಮೋಡಿಯನ್ನು, ಅಂದರೆ ಮರಾಠಿಯ ಕೂಡುಬರಹದ ಲಿಪಿಯನ್ನು, ಬೇಡುತ್ತವೆ.

ಇಷ್ಟನ್ನೂ ಕಲಿಯಲು ಕಾಲಾವಕಾಶ ಎಲ್ಲಿದೆ? ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳು ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷಗಳ ಅವಧಿಯನ್ನು ಗೊತ್ತುಪಡಿಸಿವೆ. ಕೋರ್ಸ್‌ವರ್ಕ್ ಎಂಬ ಆರಂಭದ ತರಗತಿ ಅಧ್ಯಯನದಲ್ಲಿ ಸಂಶೋಧನಾ ವಿಧಾನ, ಪ್ರಕಟಣಾ ನೀತಿಗಳಿಗೆ ಜಾಗವಿದೆ. ಲಿಪಿಶಿಕ್ಷಣ ಮಾತ್ರ ಕಡ್ಡಾಯವಲ್ಲ. ಇದು ನಿಜಕ್ಕೂ ಕೊರತೆಯೇ.

ಇತಿಹಾಸ ವಿಭಾಗದ್ದಲ್ಲದಿದ್ದರೂ, ಎಂ. ಚಿದಾನಂದಮೂರ್ತಿಯವರು ಕನ್ನಡ ಅಧ್ಯಯನದಲ್ಲಿ ಡಾಕ್ಟರೇಟಿಗಾಗಿ ಬರೆದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮಹಾಪ್ರಬಂಧವನ್ನು ಇಲ್ಲಿ ನೆನೆಯಲೇಬೇಕು. ಹೆಚ್ಚಾಗಿ ರಾಜವಂಶಗಳ ಕಾಲನಿರ್ಣಯಕ್ಕೆ ಬಳಕೆಯಾಗುತ್ತಿದ್ದ ಶಾಸನಗಳಿಂದ ಅದು ವಿದ್ಯಾಭ್ಯಾಸ, ವೀರಜೀವನ, ಆತ್ಮಬಲಿಗಳ ಜನಜೀವನವನ್ನು ಹೊರತೆಗೆಯಿತು. ಮೂಲಪಾಠವನ್ನು ಪದಪದವಾಗಿ ಓದಬಲ್ಲವರಿಗೆ ಮಾತ್ರ ಅಂಥ ಪ್ರಶ್ನೆಗಳು ಹುಟ್ಟುತ್ತವೆ. ಅನುವಾದದ ಸಾರಾಂಶವನ್ನಷ್ಟೇ ನೆಚ್ಚಿದವರಿಗೆ ಹಿಂದಿನವರು ಕೇಳಿದ ಪ್ರಶ್ನೆಗಳೇ ಉಳಿಯುತ್ತವೆ.

ಆದುದರಿಂದ ಇತಿಹಾಸ ವಿಭಾಗಗಳು ಕೋರ್ಸ್‌ವರ್ಕಿನ ಒಂದು ಪತ್ರಿಕೆಯನ್ನಾದರೂ ಹಳಗನ್ನಡ ಶಾಸನಲಿಪಿ, ಮೋಡಿ, ಪಾರಸಿಗಳಲ್ಲಿ ವಿದ್ಯಾರ್ಥಿಯ ವಿಷಯಕ್ಕೆ ಬೇಕಾದ ಒಂದಕ್ಕೆ ಮೀಸಲಿಡಬೇಕು. ವಿಷಯಕ್ಕೆ ಒಪ್ಪಿಗೆ ನೀಡುವ ಮುನ್ನ ಮಾರ್ಗದರ್ಶಕರು ಆ ಲಿಪಿಯ ಒಂದು ಪುಟವನ್ನು ವಿದ್ಯಾರ್ಥಿಯಿಂದ ಓದಿಸಿ ನೋಡಬೇಕು.