ಜಾಡಿ ಒಣಗಬೇಕು

ಒಳ್ಳೆಯ ಮಿಡಿ ಹಾಕಿದರೂ ಉಪ್ಪಿನಕಾಯಿ ಕೆಟ್ಟಿತು ಎಂದು ಯಾರಾದರೂ ಬೇಸರಪಟ್ಟರೆ ನಾನು ಮೊದಲು ವಿಚಾರಿಸುವುದು ಜಾಡಿಯನ್ನು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಅಪ್ಪೆಮಿಡಿಯ ಪರಿಮಳ, ಖಾರದ ಹದ, ಸಾಸಿವೆಯ ಪಾಲು ಇವೆಲ್ಲ ಊಟದ ಎಲೆಯ ಮುಂದೆ ಚರ್ಚೆಯಾಗುತ್ತವೆ. ಜಾಡಿ ಹೇಗೆ ತೊಳೆದಿರಿ, ಎಷ್ಟು ಬಿಸಿಲು ಕಾಣಿಸಿದಿರಿ ಎಂದು ಕೇಳುವವರು ಕಡಿಮೆ.

ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಈ ಮೂರೂ ತಾಲ್ಲೂಕುಗಳ ನದಿ. ಅದರ ದಂಡೆಯ, ಹಳ್ಳದಂಚಿನ ಮರಗಳಿಂದ ಬೇಸಿಗೆಯ ಮೊದಲಲ್ಲಿ ಮಿಡಿ ಇಳಿಯುತ್ತದೆ. ತೊಟ್ಟು ಸಹಿತ ಕೊಯ್ದ ಮಿಡಿ ಕಲ್ಲುಪ್ಪಿನಲ್ಲಿ ನೀರು ಬಿಟ್ಟು, ಚಿರುಟಿ, ವಾರಗಟ್ಟಲೆ ತನ್ನ ರಸದಲ್ಲೇ ಇರುತ್ತದೆ. ಹುಳಿಯೂ ಉಪ್ಪೂ ಕೂಡಿದ ಆ ರಸ ಲೋಹವನ್ನು ತಿಂದುಹಾಕುತ್ತದೆ. ಜಾಡಿ ಮಾತ್ರ ತಡೆದುಕೊಳ್ಳುತ್ತದೆ. ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಂದ ಜೇಡಿಮಣ್ಣಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮೇಲಿನ ಹೊಳಪು ಗಾಜಿನದೇ ಪದರ. ಬೆಳಕೂ ಒಳಗೆ ಇಳಿಯುವುದಿಲ್ಲ.

ಆ ಹೊಳಪನ್ನು ಕಾಪಾಡುವುದೇ ಜಾಡಿಯ ಆರೈಕೆ. ಉಕ್ಕಿನ ನಾರಿನಿಂದ ಉಜ್ಜಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಎಣ್ಣೆ ಜಿಡ್ಡು ಉಳಿಯುತ್ತದೆ. ಹಳೆಯ ಖಾರ ತಳದಲ್ಲಿ ಹಿಡಿದಿದ್ದರೆ ಉಗುರುಬೆಚ್ಚಗಿನ ನೀರು ತುಂಬಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸೀಗೆಪುಡಿಯನ್ನೋ ಅಡುಗೆ ಸೋಡಾವನ್ನೋ ಹಾಕಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿದರೆ ಸಾಕು. ತಣ್ಣಗಿನ ಜಾಡಿಗೆ ಕುದಿಯುವ ನೀರು ಸುರಿಯಬಾರದು. ಒಳಮೈ ಹಿಗ್ಗುತ್ತದೆ, ಹೊರಮೈ ಹಾಗೇ ಇರುತ್ತದೆ, ನಡುವೆ ಬಿರುಕು. ಈಗ ಪೇಟೆಯ ಮನೆಗಳಲ್ಲಿ ಓವನ್ನಿಗೆ ಇಡುವ ಸ್ಟೋನ್‌ವೇರ್ ಪಾತ್ರೆಗಳೂ ಇದೇ ಬಗೆಯ ಮಣ್ಣಿನವು. ಬಿಸಿ ಪಾತ್ರೆಯನ್ನು ಒದ್ದೆ ಕಟ್ಟೆಯ ಮೇಲೆ ಇಡುವುದು, ತಣ್ಣೀರಿಗೆ ಹಿಡಿಯುವುದು, ಫ್ರಿಜ್ಜಿನಿಂದ ತೆಗೆದು ನೇರ ಕಾದ ಓವನ್ನಿಗೆ ತಳ್ಳುವುದು, ಇವು ಮೂರೂ ಅದನ್ನು ಒಡೆಯುವ ದಾರಿಗಳು.

ಕಲ್ಮರಿಗೆಯ ರೀತಿ ಬೇರೆ. ಅದು ಬೆಂದ ಮಣ್ಣಲ್ಲ, ಉಗುರಿಗೂ ಗೀರು ಬೀಳುವಷ್ಟು ಮೆದುವಾದ ಬಳಪದ ಕಲ್ಲನ್ನು ಕಡೆದದ್ದು. ಹೊಳಪಿನ ಪದರವಿಲ್ಲದ್ದರಿಂದ ಹುಳಿ, ಎಣ್ಣೆಯನ್ನು ಮೈಗೆ ಹೀರಿಕೊಳ್ಳುತ್ತದೆ, ಸೋಪನ್ನೂ ಬಿಡುವುದಿಲ್ಲ. ಹೊಸತಕ್ಕೆ ಎಣ್ಣೆ, ಅರಿಶಿನ ಸವರಿ, ಅಕ್ಕಚ್ಚು ತುಂಬಿಟ್ಟು ಕೆಲವು ದಿನ ಪಳಗಿಸಬೇಕು. ಆಮೇಲೂ ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸಬೇಕು.

ತೊಳೆಯುವುದಕ್ಕಿಂತ ಕಷ್ಟದ ಕೆಲಸ ಒಣಗಿಸುವುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಜೂನಿನಿಂದ ಮುಂದೆ ಗೋಡೆ, ಹಾಸಿಗೆ, ಉಪ್ಪು ಎಲ್ಲಕ್ಕೂ ತೇವ. ಹಾಗಾಗಿ ಜಾಡಿಗೆ ಬಿಸಿಲು ಬೇಸಿಗೆಯಲ್ಲೇ ಸಿಗಬೇಕು. ಒಳಮೈ ಬಟ್ಟೆಯಿಂದ ಒರೆಸಿದ್ದನ್ನು ಒಣಗಿದೆ ಎಂದು ನಂಬಬೇಡಿ. ಬುಡದ ಅಡಿಯ ಬಳೆಯಂಥ ಅಂಚಿಗೆ ಹೊಳಪು ಇರುವುದಿಲ್ಲ, ಅದು ನೀರು ಕುಡಿದು ನಿಧಾನವಾಗಿ ಬಿಡುತ್ತದೆ. ಬಾಯಿ ಮೇಲಾಗಿ ಒಮ್ಮೆ, ಮಗುಚಿ ಒಮ್ಮೆ ಬಿಸಿಲಿಗಿಡಿ. ಕೆಲವು ಮನೆಗಳಲ್ಲಿ ಕೆಂಡದ ಮೇಲೆ ಚೂರು ಇಂಗು ಹಾಕಿ, ಜಾಡಿಯನ್ನು ಬೋರಲು ಹಿಡಿದು ಹೊಗೆ ಕುಡಿಸುತ್ತಾರೆ. ಒಂದು ಹನಿ ನೀರು ಉಳಿದರೆ ಅಲ್ಲಿನ ಉಪ್ಪು ತೆಳುವಾಗುತ್ತದೆ, ಬೂಷ್ಟು ಅಲ್ಲಿಂದಲೇ ಹಿಡಿಯುತ್ತದೆ.

ತುಂಬುವ ಮೊದಲು ಬೆರಳಗೆಣ್ಣಿನಿಂದ ಬಡಿದು ನೋಡಿ. ಗಟ್ಟಿ ಜಾಡಿ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ದು ದನಿ ಕೊಡುತ್ತದೆ. ಹೊಳಪಿನಲ್ಲಿ ಕೂದಲೆಳೆಯ ಗೆರೆಗಳು ಹರಡಿದ್ದರೂ ಉಪ್ಪುನೀರು ಒಳಗೆ ಜಿನುಗಿ ಪದರ ಏಳುತ್ತದೆ. ಗುಜರಿಯಲ್ಲಿ ಸಿಕ್ಕ ಬಣ್ಣದ ಚಿತ್ತಾರದ ಹಳೆಯ ಪಾತ್ರೆಗೂ ಹುಳಿ ತುಂಬಬೇಡಿ. ಕೆಲವು ಹಳೆಯ ಮೆರುಗುಗಳಲ್ಲಿ ಸೀಸ ಇರುತ್ತದೆ, ಹುಳಿ ಅದನ್ನು ಹೊರಗೆಳೆಯುತ್ತದೆ. ಅಂಥದ್ದರಲ್ಲಿ ಒಣ ಸೌದೆಕಡ್ಡಿಯನ್ನೋ, ಹಗ್ಗವನ್ನೋ ಇಟ್ಟುಕೊಳ್ಳಬಹುದು.