ಟೋಕಿಯೊದಲ್ಲಿ ಬಾತುಕೋಳಿ ಊಟ

ಟೋಕಿಯೊದ ಹಿಗಾಶಿ ನಿಹೊಂಬಾಶಿಯಲ್ಲಿ ‘ತೊರಿಯಾಸು’ ಅಂತ ಒಂದು ಹೋಟೆಲಿದೆ. 1872ರಲ್ಲಿ ಶುರುವಾದದ್ದು. ಅಲ್ಲಿ ‘ಐಗಾಮೊ’ನೇ ಎಲ್ಲ, ಕಾಡುಬಾತು, ಸಾಕುಬಾತುಗಳ ಮಿಶ್ರತಳಿ ಅದು. ಕೆಂಡದ ಮೇಲೆ ಕಬ್ಬಿಣದ ಕಾವಲಿ. ಮೊದಲು ಬಾತಿನ ಕೊಬ್ಬನ್ನೇ ಸವರುತ್ತಾರೆ. ಅದು ಕರಗಿ ಚುರುಗುಟ್ಟುವಾಗ ಎದೆಮಾಂಸದ ತುಂಡುಗಳು, ಪಕ್ಕದಲ್ಲೇ ‘ನೆಗಿ’ ಎಂಬ ಉದ್ದನೆಯ ಈರುಳ್ಳಿ. ಕೊಬ್ಬು ಹೀರಿಕೊಂಡು ಮೆತ್ತಗಾದ ಆ ಈರುಳ್ಳಿ ಇದೆಯಲ್ಲ, ಮಾಂಸಕ್ಕಿಂತ ಅದೇ ಒಂದು ಕೈ ಮೇಲು ಅಂತೀನಿ ನಾನು! ನಂಚಿಕೊಳ್ಳಲು ತುರಿದ ಮೂಲಂಗಿ, ಸೋಯಾ ಸಾಸ್. ಮಸಾಲೆ ಇಲ್ಲ ಅಂತ ಮೂಗು ಮುರಿಯಬೇಡಿ. ಬಾತಿನ ಕೆಂಪು ಮಾಂಸಕ್ಕೆ ಅದರದ್ದೇ ಗಟ್ಟಿ ರುಚಿಯಿದೆ. ಹೆಚ್ಚು ಬೇಯಿಸಿದರೆ ಮಾತ್ರ ಕೆಟ್ಟಿತು. ದುಬಾರಿ, ನಿಜ. ಆದರೂ ಆ ಕಡೆ ಹೋದವರು ಸುಶಿಗೆಂದು ಇಟ್ಟ ದುಡ್ಡಿನಲ್ಲಿ ಒಂದು ರಾತ್ರಿಯದನ್ನು ಬಾತಿಗೆ ಎತ್ತಿಡಿ.