ಒಂಟಿ ಸೀನು

ನಮ್ಮಜ್ಜಿಯ ಕಾಲದಲ್ಲಿ ಸೀನಿಗೊಂದು ಬೆಲೆಯಿತ್ತು. ಹೊರಟವರ ಎದುರು ಯಾರಾದರೂ ಒಂಟಿ ಸೀನು ಸೀನಿದರೆ ಮುಗಿಯಿತು. ಚಪ್ಪಲಿ ಬಿಟ್ಟು ಒಳಬಂದು, ನೀರು ಕುಡಿದು, ಐದು ನಿಮಿಷ ಕೂತೇ ಹೋಗಬೇಕು. ಈಗ ಬೆಂಗಳೂರಿನಲ್ಲಿ ಆ ಶಾಸ್ತ್ರ ಹಿಡಿದರೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಬೆಳಿಗ್ಗೆ ಗೇಟಿನ ಬಳಿ ನನ್ನದು ಏಳು ಸೀನು, ಎದುರು ಮನೆ ರಾಯರದು ಒಂಬತ್ತು. ಒಂಟಿ ಸೀನೇ ಇಲ್ಲವಾದ ಮೇಲೆ ಅಪಶಕುನಕ್ಕೆಲ್ಲಿ ಜಾಗ?

ಕಾರಣದ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ರಾಯರು ಖಾಲಿ ಸೈಟಿನಲ್ಲಿ ಬಿಳಿ ಟೋಪಿ ಹಾಕಿ ನಿಂತ ಕಾಂಗ್ರೆಸ್ ಗಿಡದತ್ತ ಬೆರಳು ತೋರುತ್ತಾರೆ. ಪಾರ್ಥೇನಿಯಂ ಎಂಬ ಆ ಗಿಡದ ಪರಾಗಕ್ಕೆ ಮೂಗು ಸೋರುವುದು, ಮೈ ತುರಿಸುವುದು ನಿಜವೇ. ನಾನು ಮಾತ್ರ ಡೀಸೆಲ್ ಹೊಗೆಯ ಪಕ್ಷ.

ಆದರೆ ಸೀನು ಎಂಬುದು ರಾತ್ರಿ ಕೋಲು ಕುಟ್ಟುವ ಗೂರ್ಖಾನಂತೆ. ದಪ್ಪ ಧೂಳು ಸದ್ದು ಮಾಡಿಕೊಂಡು ಬಂದರೆ ಅಟ್ಟಿಸಿಕೊಂಡು ಹೋಗುತ್ತಾನೆ. ನಿಜವಾದ ಕಳ್ಳ ಪಿಎಂ 2.5, ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲೂ ಇರದ ಕಣ. ಅದು ಗೂರ್ಖಾನ ಕಾಲ ಸಂದಿಯಲ್ಲೇ ನುಸುಳಿ, ಶ್ವಾಸಕೋಶದ ತುದಿ ಮುಟ್ಟಿ, ರಕ್ತಕ್ಕಿಳಿದು ಹೃದಯದ ಕದ ತಟ್ಟುತ್ತದೆ. ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 2009ರಿಂದಲೂ 40. ನಮ್ಮ ಎದೆ ಗಟ್ಟಿ ಅಂತ ಲೆಕ್ಕವಿರಬೇಕು!

ಎದೆ ಎಂದಾಗ ಮತ್ತೆ ಅಜ್ಜಿಯೇ ನೆನಪಾಗುತ್ತಾಳೆ. ಹೊಗೆಯೆಂದರೆ ಪೇಟೆಯದು ಎಂದುಕೊಂಡಿದ್ದೇನಲ್ಲ, ಅವಳು ಪೇಟೆಯನ್ನೇ ಕಂಡವಳಲ್ಲ. ಹಸಿ ಸೌದೆ, ಊದುಗೊಳವೆ, ಕಿಟಕಿಯಿಲ್ಲದ ಅಡುಗೆಮನೆ. ಸದಾ ಕೆಮ್ಮು. ಕೇಳಿದರೆ, “ವಯಸ್ಸಾಯ್ತಲ್ಲೋ ಮಗಾ” ಎನ್ನುತ್ತಿದ್ದಳು. ನಾವೂ ನಂಬಿದೆವು. ಯುಗಾದಿ ಬಂತೆಂದರೆ ಸೂರಿನ ಇಲ್ಲಣವನ್ನೆಲ್ಲ ಉದ್ದ ಪೊರಕೆ ಕಟ್ಟಿ ಹೊಡೆಯುತ್ತಿದ್ದೆವು. ಅವಳ ಎದೆಯೊಳಗಿನ ಇಲ್ಲಣ ಯಾರ ಕಣ್ಣಿಗೂ ಬೀಳಲಿಲ್ಲ. ತೊಂಬತ್ತು ಜನ ಕುಳಿತುಣ್ಣುವ ಮನೆಯಲ್ಲ ನಮ್ಮದು, ಒಂಬತ್ತು ಜನರ ಮನೆ. ಆದರೂ ಒಲೆ ಆರಿದ್ದನ್ನು ನಾನು ಕಂಡಿಲ್ಲ.

ಮೊನ್ನೆ ಹೊರಡುವಾಗ ಅಪರೂಪಕ್ಕೆ ಒಂದೇ ಸೀನು ಬಂದು ನಿಂತಿತು. ಅಜ್ಜಿಯ ಮಾತಿಗೆ ಬೆಲೆ ಕೊಟ್ಟು ಚಪ್ಪಲಿ ಬಿಟ್ಟು, ನೀರು ಕುಡಿದು, ದೇವರಮನೆ ಪಕ್ಕ ಕೂತೆ. ಒಳಗೆ ಊದುಬತ್ತಿ ಹೊಗೆಯಾಡುತ್ತಿತ್ತು. ಎರಡನೆಯದೂ ಬಂತು. ಜೋಡಿ ಸೀನು ಶುಭವಂತೆ, ಹೊರಟೆ.